ಅತ್ತೆಗೆ ಕೀಮೋ ನಡೀತಿದೆ, ಮನೆಯಲ್ಲಿ ನೋಡ್ಕೊಳ್ಳೋಕೆ ನಾನೊಬ್ಬಳೇ. ಕೊಡಗಿನಲ್ಲಿ ಯಾರನ್ನ ಕೇಳಬೇಕು?

ಸಿದ್ದಾಪುರದ ಸೊಸೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಿದ್ದೇನೆ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಅತ್ತೆಗೆ 68 ವರ್ಷ. ಸ್ತನದ ಕ್ಯಾನ್ಸರ್. ಮೈಸೂರಿನಲ್ಲಿ ಆಪರೇಷನ್ ಆಯಿತು. ಈಗ ಮೂರು ವಾರಕ್ಕೊಮ್ಮೆ ಕೀಮೋ, ಅದು ಮುಗಿದ ಮೇಲೆ ರೇಡಿಯೇಷನ್ ಅಂದಿದ್ದಾರೆ. ಗಂಡ ಹೊರದೇಶದಲ್ಲಿ ಕೆಲಸದಲ್ಲಿದ್ದಾರೆ. ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ತೋಟದಲ್ಲಿ ಕಾಫಿ ಹಣ್ಣಾಗಿ ಉದುರುತ್ತಿದೆ, ಕೊಯ್ಯೋಕೆ ಆಳಿಲ್ಲ. ಕಾರ್ಡ್ ಎಪಿಎಲ್. ತೋಟ ಇದೆ ಅಂದ ಕೂಡಲೇ ಎಲ್ಲರೂ ನಮ್ಮನ್ನ ಸಾಹುಕಾರರು ಅಂದ್ಕೊಳ್ಳುತ್ತಾರೆ. ಆಪರೇಷನ್‌ಗೆ ಒಡವೆ ಅಡ ಇಟ್ಟಿದ್ದು ಯಾರಿಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಚೆನ್ನಾಗಿಯೇ ಮಾತಾಡುತ್ತಾರೆ. ಆದ್ರೆ ಮನೆಗೆ ಬಂದ ಮೇಲೆ ರಾತ್ರಿ ವಾಂತಿ ಶುರುವಾದ್ರೆ, ಜ್ವರ ಬಂದ್ರೆ ಯಾರಿಗೆ ಫೋನ್ ಮಾಡೋದು? ದುಡ್ಡಿಗೆ ಏನಾದ್ರೂ ದಾರಿ ಇದೆಯಾ? ಬಂದವರೆಲ್ಲ ಅತ್ತೆ ಹೇಗಿದ್ದಾರೆ ಅಂತ ಕೇಳಿ, ಹಾರ್ಲಿಕ್ಸ್ ಕೊಟ್ಟು, ಕಾಫಿ ಕುಡಿದು ಹೋಗುತ್ತಾರೆ. ಆ ಕಾಫಿ ಮಾಡೋದೂ ನಾನೇ.

ಇದನ್ನ ದಾಟಿ ಬಂದವರು ಇದ್ರೆ ದಯವಿಟ್ಟು ಹೇಳಿ.

ಕುಶಾಲನಗರದ ಸಿಸ್ಟರ್
ಅಕ್ಕ, ನಾನು ನರ್ಸ್. ಮೊದಲು ಜ್ವರದ ವಿಷಯ ಹೇಳ್ತೀನಿ, ಉಳಿದದ್ದು ಆಮೇಲೆ.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇಲ್ಲ ಅಂದ್ರೆ ಇವತ್ತೇ ತನ್ನಿ. ಕೀಮೋ ಆಗಿ ಒಂದರಿಂದ ಎರಡು ವಾರದ ಒಳಗೆ ಬಿಳಿ ರಕ್ತಕಣ ತುಂಬ ಇಳಿಯುತ್ತದೆ. ಆ ಸಮಯದಲ್ಲಿ 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದ್ರೆ ಅದು ತುರ್ತು. ಒಂದು ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣ ಅನ್ನಬೇಡಿ. ಮಾತ್ರೆ ಜ್ವರವನ್ನ ಮುಚ್ಚಿಡುತ್ತದೆ, ಒಳಗಿನ ಸೋಂಕು ಹಾಗೇ ಬೆಳೆಯುತ್ತದೆ. ರಾತ್ರಿ ಎರಡು ಗಂಟೆ ಆದ್ರೂ ಹೊರಡಿ. ಮೈಸೂರಿಗೇ ಓಡಬೇಕು ಅಂತಿಲ್ಲ. ಮಡಿಕೇರಿ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನದು, ಅಲ್ಲಿಗೆ ಹೋಗಿ. ಒಳಗೆ ಹೋದ ತಕ್ಷಣ ನಿಮ್ಮ ಬಾಯಿಂದ ಬರಬೇಕಾದ ಮೊದಲ ಮಾತು, "ಕೀಮೋ ನಡೀತಿದೆ, ಇಂಥ ದಿನ ಕೊಟ್ಟಿದ್ದು, ಈಗ ಜ್ವರ." ಇಷ್ಟು ಹೇಳಿದ್ರೆ ಕ್ಯೂನಲ್ಲಿ ಕೂರಿಸಲ್ಲ. ಗಾಡಿ ಇಲ್ಲದಿದ್ರೆ 108.

ಕೀಮೋ ಮಾರನೇ ದಿನ ಹೊಟ್ಟೆಗೆ ಇಂಜೆಕ್ಷನ್ ಬರೆದುಕೊಟ್ಟಿದ್ದಾರಾ? ಬಿಳಿ ರಕ್ತಕಣ ಏರಿಸೋದು? ಅದನ್ನ ಫ್ರಿಡ್ಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರ್‌ಗೆ ಹಾಕಬಾರದು, ಐಸ್‌ಗೆ ತಾಗಿಸಲೂಬಾರದು. ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ವಾ. ಇನ್ವರ್ಟರ್ ಇರೋ ಮೆಡಿಕಲ್ ಶಾಪ್‌ನವರನ್ನ ಕೇಳಿದ್ರೆ ಅವರ ಫ್ರಿಡ್ಜ್‌ನಲ್ಲೇ ಇಟ್ಟುಕೊಳ್ಳುತ್ತಾರೆ, ಬೇಕಾದ ದಿನ ತರಬಹುದು. ಚುಚ್ಚೋದಕ್ಕೆ ಮೈಸೂರು ಬೇಡ. ಹತ್ತಿರದ ಪಿಎಚ್‌ಸಿಗೆ ಚೀಟಿ ತಗೊಂಡು ಹೋಗಿ.

ಇನ್ನೊಂದು. ಕೀಮೋ ಆದ ಎರಡು ದಿನ ಅವರ ವಾಂತಿ, ಮೂತ್ರ ತೊಳೆಯುವಾಗ ಗ್ಲೌಸ್ ಹಾಕ್ಕೊಳ್ಳಿ. ಆ ಔಷಧಿ ಮೈಯಿಂದ ಹೊರಗೆ ಬರೋದು ಹಾಗೇ. ಇದನ್ನ ಹೇಳೋದೇ ಮರೆತುಬಿಡುತ್ತಾರೆ.

ಕಂಕುಳಿನ ಗಂಟು ತೆಗೆದಿದ್ದಾರಾ? ಹಾಗಿದ್ರೆ ಆ ಕಡೆಯ ಕೈಗೆ ಗಾಯ ಆಗದ ಹಾಗೆ ನೋಡ್ಕೊಳ್ಳಿ. ಸೌದೆ, ಕತ್ತಿ, ಜಿಗಣೆ ಎಲ್ಲದರಿಂದ ದೂರ. ಕೈ ಭಾರ ಅನಿಸಿದ್ರೆ, ಬಳೆ ಬಿಗಿ ಆದ್ರೆ ತಡ ಮಾಡದೆ ಡಾಕ್ಟರ್‌ಗೆ ಹೇಳಿ. ಫಿಸಿಯೋ ವ್ಯಾಯಾಮ ಮೊದಲೇ ಶುರು ಮಾಡಿದ್ರೆ ಊತ ಹತೋಟಿಯಲ್ಲಿರುತ್ತದೆ.

ಪೊನ್ನಂಪೇಟೆ ಹವಾಲ್ದಾರ್
ಮಗಳೇ, ನಾನು ಸೈನ್ಯದಿಂದ ನಿವೃತ್ತ. ಒಂದೇ ಪ್ರಶ್ನೆ. ನಿಮ್ಮ ಮಾವ ಏನು ಮಾಡುತ್ತಿದ್ದರು?

ಸಿದ್ದಾಪುರದ ಸೊಸೆ
ಸಿಸ್ಟರ್, ತುಂಬ ಉಪಕಾರ ಆಯಿತು. ಗ್ಲೌಸ್ ವಿಷಯ ಯಾರೂ ಹೇಳಿರಲಿಲ್ಲ.

ಅಂಕಲ್, ಮಾವ ಆರ್ಮಿಯಲ್ಲೇ ಇದ್ದರು. ಈಗಿಲ್ಲ. ಅತ್ತೆಗೆ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಕ್ಯಾಂಟೀನ್ ಕಾರ್ಡ್ ಇದೆ.

ಪೊನ್ನಂಪೇಟೆ ಹವಾಲ್ದಾರ್
ಅದನ್ನೇ ಅಂದುಕೊಂಡೆ. ಕ್ಯಾಂಟೀನ್ ಕಾರ್ಡ್ ಎಲ್ಲರ ಮನೆಯಲ್ಲೂ ಇರುತ್ತದೆ, ಇಸಿಎಚ್‌ಎಸ್ ಕಾರ್ಡ್ ಇರಲ್ಲ. ಕೊಡಗಿನಲ್ಲಿ ಮನೆಗೊಬ್ಬ ಸೈನಿಕ ಅಂತ ಎದೆ ತಟ್ಟಿಕೊಳ್ಳುತ್ತೇವೆ, ಹೋದವರ ಹೆಂಡತಿಗೆ ಯಾವ ಕಾಗದ ಸಿಗಬೇಕು ಅಂತ ಒಬ್ಬರೂ ಹೇಳಲ್ಲ.

ಕೇಳಿ. ಇಸಿಎಚ್‌ಎಸ್ ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ. 2003ರ ಏಪ್ರಿಲ್‌ನಿಂದ ಇದೆ. ಫ್ಯಾಮಿಲಿ ಪೆನ್ಷನ್ ಬರುವ ವಿಧವೆಯರೂ ಸದಸ್ಯರಾಗಬಹುದು. ವಯಸ್ಸಿನ ಮಿತಿ ಇಲ್ಲ. ಕಾಯಿಲೆ ಮೊದಲೇ ಇತ್ತು ಅಂತ ತಳ್ಳಿಹಾಕೋದೂ ಇಲ್ಲ. ಪ್ರೈವೇಟ್ ಇನ್ಶೂರೆನ್ಸ್‌ನವರು ಕ್ಯಾನ್ಸರ್ ಅಂದ ಕೂಡಲೇ ಬಾಗಿಲು ಹಾಕುತ್ತಾರೆ, ಇಲ್ಲಿ ಹಾಗಿಲ್ಲ.

ಮಾವನ ಡಿಸ್ಚಾರ್ಜ್ ಬುಕ್ (ಸೈನ್ಯದಿಂದ ಬಿಡುಗಡೆ ಆದಾಗ ಕೊಡುವ ಪುಸ್ತಕ), ಅತ್ತೆಯ ಪಿಪಿಒ (ಪೆನ್ಷನ್ ಆದೇಶದ ಕಾಗದ), ಆಧಾರ್, ಪ್ಯಾನ್, ಫೋಟೊ ತೆಗೆದಿಡಿ. ಅರ್ಜಿ ಆನ್‌ಲೈನ್. ಕಂಪ್ಯೂಟರ್ ಗೊತ್ತಿಲ್ಲ ಅಂದರೆ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ, ದಾರಿ ತೋರಿಸುತ್ತಾರೆ. ಡಿಸ್ಚಾರ್ಜ್ ಬುಕ್‌ನಲ್ಲಿ ಅತ್ತೆಯ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುತ್ತದೆ. ಇದು ನೂರಕ್ಕೆ ನೂರು! ನಮ್ಮ ಮನೆತನದ ಹೆಸರನ್ನ ರೆಕಾರ್ಡ್ ಆಫೀಸ್‌ನವರು ಸರಿಯಾಗಿ ಬರೆದದ್ದು ನಾನು ನೋಡೇ ಇಲ್ಲ. ಅದನ್ನ ಮೊದಲು ನೋಡಿ.

ಕಾರ್ಡ್ ಬರುವ ತನಕ ತಾತ್ಕಾಲಿಕ ಸ್ಲಿಪ್ ಸಿಗುತ್ತದೆ, ಅದರಲ್ಲೇ ಚಿಕಿತ್ಸೆ ನಡೆಯುತ್ತದೆ. ಮಡಿಕೇರಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆಸಿಕೊಂಡು, ಇಸಿಎಚ್‌ಎಸ್ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬೇಕು. ಈಗ ತೋರಿಸುತ್ತಿರುವ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಅಂತ ಪಾಲಿಕ್ಲಿನಿಕ್‌ನಲ್ಲೇ ಕೇಳಿ.

ಪೆನ್ಷನ್ ಇಲ್ಲದೆ ಬೇಗ ಸೈನ್ಯ ಬಿಟ್ಟು ಬಂದವರ ಮನೆಯವರು ಇದನ್ನ ಓದುತ್ತಿದ್ದರೆ, ನಿಮಗೆ ಕೇಂದ್ರೀಯ ಸೈನಿಕ ಬೋರ್ಡ್‌ನಿಂದ ಗಂಭೀರ ಕಾಯಿಲೆಗೆ ಸಹಾಯಧನ ಇದೆ. ಅದಕ್ಕೂ ಅದೇ ಕಚೇರಿ.

ಸಿದ್ದಾಪುರದ ಸೊಸೆ
ಅಂಕಲ್, ಕೈ ನಡುಗ್ತಿದೆ. ಡಿಸ್ಚಾರ್ಜ್ ಬುಕ್ ಮಾವನ ಟ್ರಂಕ್‌ನಲ್ಲೇ ಇದೆ. ನಾಳೆ ಅತ್ತೆಯ ಹತ್ತಿರ ಕೀ ಕೇಳ್ತೀನಿ.

ಗೋಣಿಕೊಪ್ಪ ಗಿರಿ
ಸೈನ್ಯದ ಕಾಗದ ಇಲ್ಲದವರಿಗೂ ಹೇಳಬೇಕಲ್ವಾ, ಇಲ್ಲಿ ಓದೋರು ಬಹಳ ಜನ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್‌ನವರಿಗೆ ಏನೂ ಇಲ್ಲ ಅಂತ ಎಲ್ಲರೂ ಸುಮ್ನೆ ಅಂದುಕೊಂಡಿದ್ದಾರೆ. ಅವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಸಣ್ಣದಲ್ಲ ಅದು. ಖಾಸಗಿ ಆಸ್ಪತ್ರೆ ಆದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಕಾರ್ಡನ್ನ ದಾಖಲಾಗುವ ಮೊದಲೇ ತೋರಿಸಿ. ದುಡ್ಡು ಕಟ್ಟಿ ಮನೆಗೆ ಬಂದು ಆಮೇಲೆ ಬಿಲ್ ಹಿಡಿದು ಹೋದರೆ ವಾಪಸ್ ಬರಲ್ಲ, ಅದು ನಗದುರಹಿತ ಯೋಜನೆ.

ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡೋಕೆ "ಆರೋಗ್ಯ ಮಿತ್ರ" ಅಂತ ಒಬ್ಬರು ಕೂತಿರುತ್ತಾರೆ. ಡಾಕ್ಟರ್‌ಗಿಂತ ಮೊದಲು ಅವರ ಪರಿಚಯ ಮಾಡ್ಕೊಳ್ಳಿ. ಪ್ರತಿ ಕೀಮೋಗೂ ಅನುಮತಿ ಬೇರೆ ಬೇರೆ ತಗೋಬೇಕಾಗುತ್ತದೆ. ಹಿಂದಿನ ವಾರವೇ ಫೋನ್ ಮಾಡಿ "ನಮ್ಮದು ಬಂತಾ" ಅಂತ ಕೇಳಿದರೆ ಬೆಳಿಗ್ಗೆ ಅಷ್ಟು ದೂರ ಹೋಗಿ ಸಂಜೆ ತನಕ ಕಾಯೋದು ತಪ್ಪುತ್ತದೆ.

ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಅದು ಮುಖ್ಯವಾಗಿ ಆಪರೇಷನ್‌ಗೆ. ಕೀಮೋ ಬರುತ್ತಾ ಅಂತ ಸಂಘದಲ್ಲಿ ಬಾಯಿಮಾತಿಗೆ ನಂಬಬೇಡಿ, ಆಸ್ಪತ್ರೆಯಲ್ಲೇ ಕೇಳಿ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಶಾಸಕರ ಕಚೇರಿಯಿಂದ ಹೋದರೆ ಸ್ವಲ್ಪ ಬೇಗ ಓಡುತ್ತದೆ ಅನ್ನೋದು ನನ್ನ ಅನುಭವ.

ಮಾತ್ರೆಗಳಿಗೆ ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ. ವಾಂತಿ ಮಾತ್ರೆ, ಗ್ಯಾಸ್ ಮಾತ್ರೆ ಇಂಥವುಗಳ ಬೆಲೆಯಲ್ಲಿ ವ್ಯತ್ಯಾಸ ಜಾಸ್ತಿ.

ಹಸಿರುಬೆಟ್ಟ
ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ? ಲಕ್ಷ್ಮಣ ಫಲದ ಎಲೆ ಕುದಿಸಿ ಖಾಲಿ ಹೊಟ್ಟೆಗೆ ಕೊಡಿ. ನಮ್ಮೂರಲ್ಲಿ ಒಬ್ಬರಿಗೆ ಪೂರ್ತಿ ವಾಸಿ ಆಗಿದೆ. ಕೀಮೋ ಎಲ್ಲ ದುಡ್ಡು ಮಾಡೋ ದಂಧೆ.

ಕುಶಾಲನಗರದ ಸಿಸ್ಟರ್
ವಾಸಿ ಆದವರು ಕೀಮೋ ತಗೊಂಡಿರಲಿಲ್ವಾ? ಕೇಳಿ ನೋಡಿ. ತಗೊಂಡಿರುತ್ತಾರೆ, ಆದ್ರೆ ಹೆಸರು ಎಲೆಗೆ ಹೋಗುತ್ತದೆ.

ಲ್ಯಾಬ್‌ನಲ್ಲಿ ಗಾಜಿನ ತಟ್ಟೆಯೊಳಗೆ ಜೀವಕೋಶಗಳ ಮೇಲೆ ಆ ಎಲೆಯ ಸಾರ ಕೆಲಸ ಮಾಡಿದ್ದುಂಟು. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿ ಮಾಡುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಕೀಮೋ ನಡೆಯುವಾಗ ಲಿವರ್ ಮೊದಲೇ ಸುಸ್ತಾಗಿರುತ್ತದೆ. ಅದರ ಮೇಲೆ ಕಷಾಯ ಸುರಿದು, ಲಿವರ್ ರಿಪೋರ್ಟ್ ಏರುಪೇರಾಗಿ, ಕೀಮೋ ಮುಂದಕ್ಕೆ ಹೋಗಿದ್ದನ್ನ ನಾನು ವಾರ್ಡ್‌ನಲ್ಲಿ ನೋಡಿದ್ದೇನೆ. ಕೊಡಲೇಬೇಕು ಅಂತ ಮನೆಯವರ ಒತ್ತಾಯ ಇದ್ರೆ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ.

ಹಸಿರುಬೆಟ್ಟ
ನಿಮ್ಮ ಇಷ್ಟ. ನಾನು ಒಳ್ಳೇದಕ್ಕೇ ಹೇಳಿದ್ದು.

ನಿರ್ವಾಹಕರು
ಔಷಧಿ ನಿಲ್ಲಿಸಿ ಅನ್ನುವ ಸಲಹೆ ಇಲ್ಲಿ ಬೇಡ. ಹಸಿರುಬೆಟ್ಟ ಅವರೇ, ಊಟದ ಬಗ್ಗೆ ಬರೆಯಿರಿ, ತಕರಾರಿಲ್ಲ.

ನಾಪೋಕ್ಲು ಅಡುಗೆಮನೆ
ಊಟದ ವಿಷಯ ನಾನು ಹೇಳ್ತೀನಿ. ಅಮ್ಮನಿಗೆ ಬಾಯಿ ತುಂಬ ಹುಣ್ಣಾಗಿತ್ತು. ಕಾಚಂಪುಳಿ (ನಮ್ಮ ಕಡೆಯ ಹುಳಿ ರಸ) ಹಾಕಿದ್ದು ಏನೇ ಕೊಟ್ಟರೂ ಕಣ್ಣಲ್ಲಿ ನೀರು. ಖಾರ ಬೇಡವೇ ಬೇಡ. ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಬಿಸಿಯಾಗಿ ಮೆತ್ತಗಿರುವಾಗ ಸ್ವಲ್ಪ ತುಪ್ಪ ಹಾಕಿ ಕಿವುಚಿಕೊಟ್ಟರೆ ಇಳಿಯುತ್ತಿತ್ತು. ನೂಪುಟ್ಟಿಗೆ (ಅಕ್ಕಿ ಶಾವಿಗೆ) ಹಾಲು. ಆಮೇಲೆ ಮೊಟ್ಟೆ, ಪೂರ್ತಿ ಬೆಂದಿದ್ದು. ಅನ್ನಕ್ಕಿಂತ ಪ್ರೋಟೀನ್ ಹೋಗೋದು ಮುಖ್ಯ ಅಂತ ಆಸ್ಪತ್ರೆಯ ಡಯಟಿಷಿಯನ್ ಹೇಳಿದ್ದರು. ಹಸಿ ತರಕಾರಿ, ಹೊರಗೆ ಹೆಚ್ಚಿಟ್ಟ ಹಣ್ಣು, ಅರ್ಧ ಬೆಂದ ಮಾಂಸ ಕೊಡಲೇ ಇಲ್ಲ.

ಒಂದು ಲೋಟ ಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡ. ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲು. ಅಂಗಡಿಯ ಮೌತ್‌ವಾಶ್ ಉರಿಯುತ್ತದೆ, ಅದು ಬೇಡ.

ಅಡುಗೆ ವಾಸನೆಗೇ ವಾಂತಿ ಬರುತ್ತಿತ್ತು ಅಮ್ಮನಿಗೆ. ಹಂದಿ ಬೇಯಿಸಿದ ದಿನವಂತೂ ಕೇಳಲೇಬೇಡಿ. ಅಂಥದ್ದೆಲ್ಲ ಹೊರಗಿನ ಒಲೆಯಲ್ಲಿ ಮಾಡುತ್ತಿದ್ದೆ. ಅವರಿಗೆ ಕೊಡೋದನ್ನ ತಣ್ಣಗೆ ಮಾಡಿ ಕೊಟ್ಟರೆ ವಾಸನೆ ಕಡಿಮೆ.

ವಿರಾಜಪೇಟೆಯವಳು
ನಾನು ಅಪ್ಪನನ್ನ ನೋಡ್ಕೊಂಡೆ. ಅಪ್ಪ ಈಗಿಲ್ಲ. ಅತ್ತೆಯವರದ್ದು ವಾಸಿಯಾಗೋ ಹಂತ, ನಾನು ಹೇಳೋದು ಅವರಿಗೆ ಬೇಕಾಗದೇ ಇರಲಿ. ಬೇರೆಯವರಿಗೆ ಬೇಕಾಗಬಹುದು.

ನಾವು ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ಹೋಗ್ತಾ ಇದ್ದೆವು. ವಿರಾಜಪೇಟೆ ಕಡೆಯವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಆದ್ರೆ ನಿಮ್ಮ ಕರ್ನಾಟಕದ ಕಾರ್ಡ್ ಅಲ್ಲಿ ನಡೆಯುತ್ತಾ ಅಂತ ಹೋಗೋ ಮೊದಲೇ ಕೇಳ್ಕೊಳ್ಳಿ. ಮಳೆಗಾಲದಲ್ಲಿ ಘಾಟಿ ಯಾವಾಗ ಮುಚ್ಚುತ್ತೆ ಹೇಳೋಕಾಗಲ್ಲ. 2018ರ ಭೂಕುಸಿತ ನೆನಪಿದೆಯಲ್ಲ? ಮೇ ತಿಂಗಳಲ್ಲೇ ಔಷಧಿ ಜಾಸ್ತಿ ತಂದಿಟ್ಟುಕೊಳ್ಳೋದು ಒಳ್ಳೇದು.

ಅಲ್ಲಿ ನೋಡಿ ನನಗೆ ಹೊಟ್ಟೆಕಿಚ್ಚಾಗಿದ್ದು ಒಂದೇ ವಿಷಯಕ್ಕೆ. ಕೇರಳದಲ್ಲಿ 2008ರಿಂದಲೇ ಪ್ಯಾಲಿಯೇಟಿವ್ ಕೇರ್‌ಗೆ, ಅಂದ್ರೆ ನೋವು, ಸಂಕಟ ಕಡಿಮೆ ಮಾಡೋ ಆರೈಕೆಗೆ, ಸರ್ಕಾರದ ನೀತಿ ಇದೆ. ಪಂಚಾಯಿತಿಯಿಂದಲೇ ನರ್ಸ್ ಮನೆಗೆ ಬರುತ್ತಾರೆ, ಜೊತೆಗೆ ಊರಿನ ಸ್ವಯಂಸೇವಕರು. ಹಾಸಿಗೆ ಹುಣ್ಣು ತೊಳೆಯುತ್ತಾರೆ, ಟ್ಯೂಬ್ ಬದಲಿಸುತ್ತಾರೆ, ಮನೆಯವರ ಹತ್ತಿರ ಕೂತು ಮಾತಾಡುತ್ತಾರೆ. ಕುಟ್ಟದಿಂದ ಗಡಿ ದಾಟಿದರೆ ಸಿಗುವುದು ಕುಟ್ಟದಲ್ಲಿ ಯಾಕೆ ಸಿಗಬಾರದು? ನಮ್ಮ ಪಂಚಾಯಿತಿಗಳಲ್ಲಿ ಇದನ್ನ ಒಂದು ಸಲವಾದರೂ ಯಾರಾದ್ರೂ ಎತ್ತಿದ್ದಾರಾ?

ನೋವಿನ ಬಗ್ಗೆ. ಅಪ್ಪನಿಗೆ ಮಾರ್ಫಿನ್ ಮಾತ್ರೆ ಬರೆದಾಗ ನಮ್ಮ ಚಿಕ್ಕಪ್ಪ ಗಲಾಟೆ ಮಾಡಿದರು, ಅಫೀಮು ಕೊಟ್ಟು ಚಟ ಹಿಡಿಸ್ತೀರಾ ಅಂತ. ನೋವಿಗೆ ಅಂತ ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಕೊಟ್ಟರೆ ಆ ಭಯಕ್ಕೆ ಅರ್ಥ ಇಲ್ಲ. ನೋವು ಬಂದ ಮೇಲೆ ಅಲ್ಲ, ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಗ್ಯಾರಂಟಿ, ಅದಕ್ಕೂ ಔಷಧಿ ಜೊತೆಗೇ ಬರೆಸಿಕೊಳ್ಳಿ. 2014ರಲ್ಲಿ ಮಾದಕ ವಸ್ತು ಕಾನೂನಿಗೆ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಇರುವ ಆಸ್ಪತ್ರೆಗಳಿಗೆ ಮಾರ್ಫಿನ್ ಇಡೋದು ಸುಲಭ ಆಯಿತು. ಆದ್ರೂ ಸಾಮಾನ್ಯ ಮೆಡಿಕಲ್ ಶಾಪ್‌ನಲ್ಲಿ ಸಿಗಲ್ಲ, ಆಸ್ಪತ್ರೆಯಿಂದಲೇ ತರಬೇಕು. ಮುಗಿಯೋ ತನಕ ಕಾಯಬೇಡಿ.

ಕರ್ನಾಟಕದಲ್ಲಿ ನನಗೆ ಗೊತ್ತಿರೋದು ಎರಡು. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರ ಪ್ಯಾಲಿಯೇಟಿವ್ ಕೇರ್. ಬೆಂಗಳೂರಿನಲ್ಲಿ ಕರುಣಾಶ್ರಯ, ಕಾಯಿಲೆ ಮುಂದುವರಿದವರಿಗೆ ಅಲ್ಲಿ ಒಂದು ರೂಪಾಯಿಯೂ ತಗೊಳ್ಳಲ್ಲ. ನಮ್ಮ ಅಪ್ಪ ಮನೆಯಲ್ಲೇ ಇರಬೇಕು ಅಂದರು, ಹೋಗಲಿಲ್ಲ.

ಕಾಫಿಬೋರ್ಡ್ ನಿವೃತ್ತ
ಒಂದು ಸೂಕ್ಷ್ಮ ಪ್ರಶ್ನೆ. ನಿಮ್ಮ ಅತ್ತೆಗೆ ಕ್ಯಾನ್ಸರ್ ಅಂತ ಹೇಳಿದ್ದೀರಾ? ನಮ್ಮ ಮನೆಯಲ್ಲಿ ಹೇಳಿರಲಿಲ್ಲ. ಹೇಳದಿರುವುದೇ ಸರಿ ಅಂತ ಈಗಲೂ ನನ್ನ ಅಭಿಪ್ರಾಯ. ಧೈರ್ಯ ಕುಗ್ಗುತ್ತದೆ.

ಸಿದ್ದಾಪುರದ ಸೊಸೆ
ಇಲ್ಲ ಸರ್. ಗೆಡ್ಡೆ ಅಂತ ಹೇಳಿದ್ದೇವೆ. ನಾದಿನಿ ಬೇಡ ಅಂದಳು.

ವಿರಾಜಪೇಟೆಯವಳು
ಸರ್, ನಿಮ್ಮ ಮಾತಿಗೆ ಗೌರವ ಇದೆ. ಆದ್ರೆ ಆಸ್ಪತ್ರೆಯ ಬಾಗಿಲಲ್ಲೇ ಇಷ್ಟು ದೊಡ್ಡ ಬೋರ್ಡ್ ಇರುತ್ತದೆ. ಅತ್ತೆಗೆ ಕನ್ನಡ ಓದೋಕೆ ಬರಲ್ವಾ? ಪಕ್ಕದ ಕುರ್ಚಿಯಲ್ಲಿ ಕೂದಲು ಉದುರಿದವರು ಕೂತಿರುತ್ತಾರೆ. ಅಪ್ಪನಿಗೆ ಮೊದಲ ದಿನವೇ ಗೊತ್ತಾಗಿತ್ತು. ನಮಗೆ ಬೇಜಾರಾಗಬಾರದು ಅಂತ ಅವರು ಗೊತ್ತಿಲ್ಲದ ಹಾಗೆ ಇದ್ದರು. ಅವರಿಗೆ ಗೊತ್ತು ಅಂತ ನಮಗೆ ಗೊತ್ತು. ಆದ್ರೆ ಯಾರೂ ಬಾಯಿ ಬಿಡೋ ಹಾಗಿಲ್ಲ. ತೋಟ ಯಾರ ಹೆಸರಿಗೆ, ಬ್ಯಾಂಕ್‌ನಲ್ಲಿ ಏನಿದೆ, ಅವರಿಗೆ ಏನು ಬೇಕು, ಯಾವುದನ್ನೂ ಕೇಳೋಕೆ ಆಗಲಿಲ್ಲ.

ಗೋಣಿಕೊಪ್ಪ ಗಿರಿ
ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ ಅನಿಸುತ್ತದೆ. ಡಾಕ್ಟರ್ ಹತ್ತಿರ "ನೀವೇ ಅವರನ್ನ ಕೇಳಿ, ಎಷ್ಟು ತಿಳ್ಕೋಬೇಕು ಅಂತಿದೆ" ಅಂತ ಹೇಳಬಹುದು. ನಮ್ಮ ದೊಡ್ಡಮ್ಮ "ಹೆಸರು ಬೇಡ, ವಾಸಿ ಆಗುತ್ತಾ ಅಷ್ಟು ಹೇಳಿ" ಅಂದಿದ್ದರು. ಅದೂ ಒಂದು ಉತ್ತರವೇ.

ಕಾಫಿಬೋರ್ಡ್ ನಿವೃತ್ತ
ಆ ಮಾತು ಒಪ್ಪಬಹುದು. ಕೇಳುವುದು ಬೇರೆ, ಹೇರುವುದು ಬೇರೆ.

ಸಿದ್ದಾಪುರದ ಸೊಸೆ
ರಾತ್ರಿ ಒಂದೂವರೆ. ನಿದ್ದೆ ಬರ್ತಿಲ್ಲ, ಅದಕ್ಕೇ ಬರೀತಿದ್ದೇನೆ.

ಇವತ್ತು ಅತ್ತೆ ತಟ್ಟೆ ತಳ್ಳಿಬಿಟ್ಟರು. ಊಟ ಚೆಲ್ಲಿತು. ನಾನು ಏನೂ ಹೇಳದೆ ಒರೆಸಿದೆ. ಆಮೇಲೆ ಸೌದೆ ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ. ನಾದಿನಿ ಬೆಂಗಳೂರಿಂದ ಫೋನ್ ಮಾಡಿ "ಅಮ್ಮ ಸಣ್ಣಗಾಗಿದ್ದಾರಲ್ಲ, ಸರಿಯಾಗಿ ಊಟ ಕೊಡ್ತಿಲ್ವಾ" ಅಂತ ಕೇಳಿದಳು. ಕೆಲವೊಮ್ಮೆ ಇದು ಬೇಗ ಮುಗಿದರೆ ಸಾಕು ಅನಿಸುತ್ತದೆ. ಯಾವುದು ಮುಗಿಯೋದು ಅಂತ ಯೋಚನೆ ಬಂದ ಕೂಡಲೇ ನನ್ನ ಮೇಲೇ ಅಸಹ್ಯ ಆಗುತ್ತದೆ. ಯಾರ ಹತ್ತಿರ ಹೇಳ್ಕೊಳ್ಳೋದು ಇದನ್ನ.

ವಿರಾಜಪೇಟೆಯವಳು
ಎಚ್ಚರ ಇದ್ದೇನೆ. ಇಲ್ಲಿ ಹೇಳಿದ್ರಲ್ಲ, ಒಳ್ಳೇದಾಯ್ತು. ನನಗೂ ಹಾಗೇ ಅನಿಸಿತ್ತು. ಅಪ್ಪನ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಮೈಯಲ್ಲಿ ಶಕ್ತಿ ಇಲ್ಲದೆ.

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಯಾವ ಹೊತ್ತಿನಲ್ಲಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾಗಿದ್ದು, ನಿಮ್ಹಾನ್ಸ್‌ನವರ ಮೇಲುಸ್ತುವಾರಿ ಇದೆ. ಕಾಯಿಲೆ ಇರೋರೇ ಮಾಡಬೇಕು ಅಂತಿಲ್ಲ, ನೋಡ್ಕೊಳ್ಳೋರೂ ಮಾಡಬಹುದು. ನನಗೆ ಆ ಕಡೆಯಿಂದ ಬಂದ ಮೊದಲ ಪ್ರಶ್ನೆ "ನೀವು ಊಟ ಮಾಡಿದ್ರಾ" ಅಂತ. ಅಷ್ಟಕ್ಕೇ ಅಳು ಬಂತು.

ಕುಶಾಲನಗರದ ಸಿಸ್ಟರ್
ಅಕ್ಕ, ತಟ್ಟೆ ತಳ್ಳಿದ್ದು ನಿಮ್ಮ ಮೇಲಿನ ಕೋಪ ಅಲ್ಲ. ಕೀಮೋ ಜೊತೆ ಕೊಡೋ ಸ್ಟೀರಾಯ್ಡ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ, ಸಿಡುಕು ತರಿಸುತ್ತದೆ. ಮುಂದಿನ ಸಲ ಡಾಕ್ಟರ್‌ಗೆ ಇದನ್ನೂ ಹೇಳಿ. ಆದ್ರೂ ನಿಮಗೆ ನೋವಾಗಿದ್ದು ನಿಜವೇ.

ಪೊನ್ನಂಪೇಟೆ ಹವಾಲ್ದಾರ್
ಮಗಳೇ, ಸಹಾಯ ಬೇಕು ಅಂತ ಒಟ್ಟಾರೆ ಹೇಳಿದರೆ ಯಾರೂ ಬರಲ್ಲ. "ಏನಾದ್ರೂ ಬೇಕಿದ್ದರೆ ಹೇಳು" ಅಂತ ಹೇಳಿ ಎಲ್ಲರೂ ಹೋಗುತ್ತಾರೆ. ಹೆಸರು ಹಿಡಿದು ಕೆಲಸ ಹೇಳಬೇಕು. ನಿಮ್ಮ ಒಕ್ಕದ, ಅಂದರೆ ಮನೆತನದವರ, ವಾಟ್ಸಾಪ್ ಗ್ರೂಪ್ ಇರುತ್ತದಲ್ಲ, ಹುತ್ತರಿ ಹಬ್ಬದ ಫೋಟೊ ಹಾಕೋದಕ್ಕೆ. ಅದರಲ್ಲಿ ಬರೆಯಿರಿ. ಬುಧವಾರ ಮಕ್ಕಳನ್ನ ಶಾಲೆಯಿಂದ ಕರೆತರೋದು ಯಾರು. ಕೀಮೋ ದಿನ ಜೀಪು ಯಾರದು. ಎರಡು ದಿನ ಕಾಫಿ ಕೊಯ್ಲಿನ ಲೆಕ್ಕ ನೋಡೋದು ಯಾರು. ಭಾನುವಾರ ಮಧ್ಯಾಹ್ನ ಅತ್ತೆ ಹತ್ತಿರ ಕೂರೋದು ಯಾರು, ಆಗ ನೀವು ಮಲಗಬೇಕು. ನಾದಿನಿಗೂ ಒಂದು ಕೆಲಸ ಕೊಡಿ. ಆಸ್ಪತ್ರೆ ಫೋನು, ಇಸಿಎಚ್‌ಎಸ್ ಆನ್‌ಲೈನ್ ಅರ್ಜಿ, ಇದೆಲ್ಲ ಬೆಂಗಳೂರಿನಲ್ಲಿ ಕೂತು ಮಾಡಬಹುದು. ಕೆಲಸ ಕೈಗೆ ಬಂದರೆ ಪ್ರಶ್ನೆ ಕಡಿಮೆ ಆಗುತ್ತದೆ.

ಹಾರ್ಲಿಕ್ಸ್ ತರೋರಿಗೆ ಡೀಸೆಲ್ ಹಾಕಿಸಿ ಅನ್ನಿ. ನಾಚಿಕೆ ಬೇಡ.

ನಾಪೋಕ್ಲು ಅಡುಗೆಮನೆ
ಅಂಕಲ್ 😄 ಸರಿಯಾಗಿ ಹೇಳಿದ್ರಿ. ಶೀತ, ಕೆಮ್ಮು ಇರೋರು ಬರಲೇಬೇಡಿ ಅಂತಾನೂ ಗ್ರೂಪ್‌ನಲ್ಲಿ ಹಾಕಿ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಮಾಲ್ದಾರೆ ಮಂಜು
ಸಿದ್ದಾಪುರದಿಂದ ಮೈಸೂರಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡ್ತೀರಿ? ಈಗ ನಮ್ಮ ಕಡೆ ಆನೆ ರಸ್ತೆಯಲ್ಲೇ ಇದೆ. ನಾಲ್ಕು ಗಂಟೆಗೆ ಬಸ್ ಸ್ಟ್ಯಾಂಡ್‌ಗೆ ನಡ್ಕೊಂಡಾಗಲಿ, ಸ್ಕೂಟರ್‌ನಲ್ಲಾಗಲಿ ಹೋಗೋದು ಬೇಡ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರ ಮೆಸೇಜ್ ಗ್ರೂಪ್‌ನಲ್ಲಿ ಬರುತ್ತಲ್ಲ, ಅದನ್ನ ನೋಡಿಯೇ ಹೊರಡಿ. ಅದಕ್ಕಿಂತ, ಹಿಂದಿನ ದಿನ ಹಗಲಲ್ಲೇ ಹೋಗಿ ಉಳಿಯೋದು ಒಳ್ಳೇದು. ಆಸ್ಪತ್ರೆಯಲ್ಲೂ ದೂರದಿಂದ ಬರುತ್ತೇವೆ, ಮೊದಲ ಪಾಳಿ ಕೊಡಬೇಡಿ, ಹನ್ನೊಂದರ ಮೇಲೆ ಕೊಡಿ ಅಂತ ಕೇಳಬಹುದು. ಕೇಳಿದರೆ ಕೊಡುತ್ತಾರೆ.

ಗೋಣಿಕೊಪ್ಪ ಗಿರಿ
ಬಸ್ಸಿನ ಮಾತು ಬಂದಿದ್ದಕ್ಕೆ. ಶಕ್ತಿ ಯೋಜನೆಯಲ್ಲಿ ನೀವು, ಅತ್ತೆ ಇಬ್ಬರಿಗೂ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ ಉಚಿತ, ರಾಜ್ಯದ ಒಳಗೆ. ಕೀಮೋ ಆದ ದಿನ ಬಸ್ ಬೇಡ, ಆದರೆ ಬರೀ ರಿಪೋರ್ಟ್ ತೋರಿಸೋಕೆ, ಅನುಮತಿ ಕಾಗದಕ್ಕೆ ನೀವೊಬ್ಬರೇ ಹೋಗುವಾಗ ಉಳಿತಾಯವೇ.

ರೇಡಿಯೇಷನ್‌ಗೆ ಈಗಲೇ ಯೋಚನೆ ಮಾಡಿ. ಅದಕ್ಕೆ ಜಿಲ್ಲೆ ದಾಟಲೇಬೇಕು. ವಾರಕ್ಕೆ ಐದು ದಿನದ ಹಾಗೆ ಕೆಲವು ವಾರ, ದಿನಾ ಕೆಲವೇ ನಿಮಿಷ. ದಿನಾ ಹೋಗಿ ಬರೋದು ಆಗದ ಮಾತು. ಆಸ್ಪತ್ರೆಯ ಮೆಡಿಕಲ್ ಸೋಷಿಯಲ್ ವರ್ಕರ್ ಹತ್ತಿರ ಉಳಿಯೋ ಜಾಗದ ಪಟ್ಟಿ ಇರುತ್ತದೆ. ಮೈಸೂರಿನಲ್ಲಿ ಕೊಡಗಿನವರು ಎಷ್ಟು ಜನ ಇಲ್ಲ? ಒಕ್ಕದಲ್ಲೇ ಯಾರದಾದರೂ ಮನೆಯ ಒಂದು ಕೋಣೆ ಸಿಗಬಹುದು. ಕೆಲವರಿಗೆ ಕಡಿಮೆ ದಿನದಲ್ಲಿ ಮುಗಿಸುವ ವಿಧಾನವೂ ಇದೆ. ಅತ್ತೆಗೆ ಅದು ಆಗುತ್ತಾ ಅಂತ ರೇಡಿಯೇಷನ್ ಡಾಕ್ಟರನ್ನ ಬಾಯಿಬಿಟ್ಟು ಕೇಳಿ.

ಸಿದ್ದಾಪುರದ ಸೊಸೆ
ಸುದ್ದಿ ಹೇಳೋದಿದೆ. ಟ್ರಂಕ್‌ನಲ್ಲಿ ಡಿಸ್ಚಾರ್ಜ್ ಬುಕ್ ಸಿಕ್ಕಿತು. ಹವಾಲ್ದಾರ್ ಅಂಕಲ್ ಹೇಳಿದ ಹಾಗೇ ಅತ್ತೆಯ ಹೆಸರು ತಪ್ಪು, ಮನೆತನದ ಹೆಸರು ಅರ್ಧ ಮಾತ್ರ. ಸೈನಿಕ ಕಲ್ಯಾಣ ಕಚೇರಿಯಲ್ಲಿ ಅಫಿಡವಿಟ್ ಮಾಡಿಸಿ ಅಂದರು, ಮಾಡಿಸಿದೆ. ಅರ್ಜಿ ನಾದಿನಿ ಹಾಕಿದಳು. ಸ್ಲಿಪ್‌ಗೆ ಕಾಯ್ತಿದ್ದೇವೆ. ಗ್ರೂಪ್‌ನಲ್ಲಿ ಬರೆದೆ. ಮೊದಲು ಯಾರೂ ಮಾತಾಡಲಿಲ್ಲ, ಎಲ್ಲರೂ ನೋಡಿದ ನೀಲಿ ಟಿಕ್ ಮಾತ್ರ. ಸಂಜೆ ಮಾವನ ತಮ್ಮನ ಮಗ ಫೋನ್ ಮಾಡಿ ಜೀಪು ನಾನು ತರ್ತೀನಿ ಅತ್ತಿಗೆ ಅಂದ. ಕೊಯ್ಲಿಗೆ ಇನ್ನೂ ಯಾರೂ ಸಿಕ್ಕಿಲ್ಲ.

14416ಕ್ಕೆ ಮಾತಾಡಿದೆ. ಅದರ ಬಗ್ಗೆ ಇಲ್ಲಿ ಬರೆಯಲ್ಲ. ಆದ್ರೆ ಮಾತಾಡಿದೆ.

ಸೋಮವಾರಪೇಟೆ ಹುಡುಗ
ಇದನ್ನೆಲ್ಲ ಓದಿ ಕೇಳ್ತಿದ್ದೇನೆ, ಬೇರೆ ಕಡೆ ಬರೆಯೋಕೆ ಗೊತ್ತಾಗಲಿಲ್ಲ. ಅಪ್ಪನಿಗೆ ಬಾಯಿ ಕ್ಯಾನ್ಸರ್, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಬಿಪಿಎಲ್ ಕಾರ್ಡ್ ಇದೆ. ನಾವು ಬೆಂಗಳೂರು ನೋಡಿದ್ದೇ ಇಲ್ಲ. ಏನು ತಗೊಂಡು ಹೋಗಬೇಕು?

ಗೋಣಿಕೊಪ್ಪ ಗಿರಿ
ತಮ್ಮಾ, ಕಿದ್ವಾಯಿ ಸರ್ಕಾರದ್ದೇ ಸಂಸ್ಥೆ, 1973ರಿಂದ ಇದೆ, ಹೊಸೂರು ರಸ್ತೆಯಲ್ಲಿ. ನಿಮ್ಹಾನ್ಸ್ ಹತ್ತಿರ ಅಂದರೆ ಆಟೋದವರಿಗೆ ಗೊತ್ತಾಗುತ್ತದೆ. ರೇಷನ್ ಕಾರ್ಡ್, ಅಪ್ಪನ ಆಧಾರ್, ಆಯುಷ್ಮಾನ್ ಕಾರ್ಡ್ ಮೂಲ ಪ್ರತಿ, ಎಲ್ಲದರ ಜೆರಾಕ್ಸ್ ಐದೈದು. ಬಯಾಪ್ಸಿ ರಿಪೋರ್ಟ್ ಜೊತೆಗೆ ಆ ಲ್ಯಾಬ್‌ನಿಂದ ಬ್ಲಾಕ್ ಮತ್ತು ಸ್ಲೈಡ್ (ಪರೀಕ್ಷೆಗೆ ತೆಗೆದ ಮಾಂಸದ ಚೂರಿನ ಮಾದರಿ) ಕೂಡ ಕೇಳಿ ಪಡ್ಕೊಂಡು ಹೋಗು, ಅಲ್ಲಿ ಮತ್ತೆ ನೋಡುತ್ತಾರೆ. ಸ್ಕ್ಯಾನ್ ಆಗಿದ್ದರೆ ಫಿಲ್ಮ್, ಸಿಡಿ. ಬೆಳಿಗ್ಗೆ ಬೇಗ ಕ್ಯೂ ಹಿಡಿಯಬೇಕು. ಮೊದಲ ದಿನವೇ ಚಿಕಿತ್ಸೆ ಶುರು ಆಗಲ್ಲ, ಕೆಲವು ದಿನ ಉಳಿಯೋ ಲೆಕ್ಕದಲ್ಲಿ ಬಟ್ಟೆ, ಹೊದಿಕೆ ತಗೊಂಡು ಹೋಗು. ಆವರಣದಲ್ಲಿ ಧರ್ಮಶಾಲೆ ಇದೆ, ಜಾಗ ಸಿಗುತ್ತಾ ಅಂತ ಹೋದ ಕೂಡಲೇ ವಿಚಾರಿಸು.

ನಮ್ಮ ಜಿಲ್ಲೆಗೆ ರೈಲಿಲ್ಲ, ಆದರೆ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ರಿಯಾಯಿತಿ ಇದೆ. ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಶೇ. 75 ಕಡಿತ. ಆಸ್ಪತ್ರೆಯಲ್ಲಿ ಅದರ ಫಾರಂಗೆ ಸಹಿ, ಸೀಲು ಹಾಕಿಸಿಕೊಂಡು ರಿಸರ್ವೇಷನ್ ಕೌಂಟರ್‌ನಲ್ಲಿ ಕೊಡಬೇಕು. ಮೊದಲ ಸಲಕ್ಕೆ ಆಗಲ್ಲ, ಎರಡನೇ ಸಲದಿಂದ.

ಕುಶಾಲನಗರದ ಸಿಸ್ಟರ್
ಬಾಯಿಗೆ ರೇಡಿಯೇಷನ್ ಬೀಳಬಹುದು ಅಂದ್ರೆ ಮೊದಲು ಹಲ್ಲಿನ ಡಾಕ್ಟರ್‌ಗೆ ತೋರಿಸಬೇಕು. ಹುಳುಕು ಹಲ್ಲು ಇದ್ರೆ ರೇಡಿಯೇಷನ್‌ಗೆ ಮುಂಚೆಯೇ ತೆಗೆಯುತ್ತಾರೆ, ಆಮೇಲೆ ತೆಗೆದರೆ ದವಡೆ ಮೂಳೆ ಮಾಯದೇ ಇರಬಹುದು. ಅಪ್ಪ ಎಲೆ ಅಡಿಕೆ, ಹೊಗೆಸೊಪ್ಪು ಹಾಕ್ತಾರಾ? ಇವತ್ತಿಂದಲೇ ಬಿಡಿಸಿ. ಎಷ್ಟು ಗಂಟೆ ಬಸ್ಸಿಗೆ ಹೋಗ್ತಿದ್ದೀರಿ ತಮ್ಮಾ?

ಸೋಮವಾರಪೇಟೆ ಹುಡುಗ
ಭಾನುವಾರ ರಾತ್ರಿ ಬಸ್ಸಿಗೆ. ಸ್ಲೈಡ್ ಮಡಿಕೇರಿಯ ಲ್ಯಾಬ್‌ನಲ್ಲಿದೆ, ನಾಳೆ ಹೋಗಿ ತರ್ತೀನಿ.

ಪೊನ್ನಂಪೇಟೆ ಹವಾಲ್ದಾರ್
ಹೋಗೋ ಮೊದಲು ಲ್ಯಾಬ್‌ಗೆ ಫೋನ್ ಮಾಡು. ಶನಿವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕಿದರೆ ಕಷ್ಟ.